ಹಿಮ್ಮಡಿಯ ಗೆರೆ

ತೆಂಗಿನಕಾಯಿ ಎಡಗಡೆಯಿಂದ ಬಂತು. ಹೇಳದೆ ಕೇಳದೆ ಬಂತು.

ಶಶಿಧರನ ಬಲಗೈಯಲ್ಲಿದ್ದ ಟೀ ಲೋಟ ಅಲುಗಲಿಲ್ಲ. ಎಡಗೈ ಮಾತ್ರ ಮೇಲೆದ್ದು, ಕಾಯಿಯನ್ನು ಕಿವಿಯ ಪಕ್ಕದಲ್ಲೇ ತಡೆದು, ಒಂದು ಸಲ ಕುಲುಕಿ, ತೊಡೆಯ ಮೇಲೆ ತಂದಿಟ್ಟುಕೊಂಡಿತು.

“ನೀರು ಚೆನ್ನಾಗೈತೆ ಕಣಕ್ಕ,” ಎಂದ.

ಕತೆ ಕಟ್ಟುವವರಾಗಿದ್ದರೆ ಇಲ್ಲೇ ಒಂದು ತಲೆ ಒಡೆಸಿ, ರಕ್ತ ಹರಿಸಿ, ಓದುಗರನ್ನು ವಾರವಿಡೀ ಕಾಯಿಸುತ್ತಿದ್ದರು. ಇದು ನಡೆದದ್ದನ್ನು ನಡೆದ ಹಾಗೆ ಹೇಳುವ ಕತೆ. ಹಾಗಾಗಿ ತಲೆ ಉಳಿಯಿತು, ಟೀ ಉಳಿಯಿತು. ಉಳಿಯಬೇಕಾದ ಇನ್ನೊಂದು ಉಳಿಯಿತೋ ಇಲ್ಲವೋ ಎಂಬುದೇ ಈ ವಾರದ ಪಾಡು.

ಕಾಯಿ ಎಸೆದವಳು ವನಜಾಕ್ಷಿ. ಕಡೂರಿನ ಕೊಬ್ಬರಿ ಮಂಡಿಯ ಮಹಡಿಯ ಮೇಲೆ ಅವಳ ಪತ್ತೇದಾರಿ ಆಫೀಸು. ಕೆಳಗಿನಿಂದ ಒಂದು ಕಾಯಿ ತರಿಸುವುದೇನೂ ಕಷ್ಟವಿರಲಿಲ್ಲ. ಹಿಂದೆ ಪೊಲೀಸ್ ಕಂಟ್ರೋಲ್ ರೂಮಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿದ್ದವಳು. ಒಂದು ಮಧ್ಯಾಹ್ನ ಬೇಸರ ಕಳೆಯಲು ವೈರ್‌ಲೆಸ್ಸಿನಲ್ಲಿ ಸಾಹೇಬರ ದನಿ ತೆಗೆದು, ಎಲ್ಲ ಗಾಡಿಗಳೂ ಬೀರೂರಿಗೆ ಹೊರಡಲಿ ಎಂದಳು. ಎಲ್ಲ ಗಾಡಿಗಳೂ ಹೋದವು. ಸಾಹೇಬರ ಡ್ರೈವರು ಸಾಹೇಬರನ್ನೂ ಕೂರಿಸಿಕೊಂಡು ಹೋದ. ಆಮೇಲೆ ವನಜಾಕ್ಷಿ ಮನೆಗೆ ಹೋದಳು.

“ನೋಡಿದ್ರಾ ಅಕ್ಕ?” ಶಶಿಧರನ ಹೆಂಡತಿ ಸ್ಫೂರ್ತಿ ಬೆಂಚಿನ ತುದಿಗೆ ಬಂದು ಕೂತಿದ್ದಳು. “ಅಳತೆ ತಪ್ಪಿರೋ ಕಣ್ಣು ಹಿಂಗ್ ಹಿಡಿಯುತ್ತಾ?”

“ನೋಡ್ದೆ ಕಣವ್ವ. ನಮ್ಮ ಮಂಡಿ ಹುಡುಗ್ರಿಗೂ ಹಿಂಗ್ ಬರಲ್ಲ.”

ಶಶಿಧರ ಟೀ ಗುಟುಕರಿಸಿದ. ಯಗಟಿಯಲ್ಲಿ ಲಾರಿಗೆ ತುಂಬುವವರು ಎಸೆದ ಕಾಯಿಗಳನ್ನು ಹಿಡಿದು ಹಿಡಿದೇ ಅವನು ಗೋಲ್‌ಕೀಪರ್ ಆದದ್ದು. ಅಲ್ಲಿಂದ ಕಡೂರಿನ ಕಾಲೇಜು ಟೀಮು, ಬೆಂಗಳೂರಿನ ಲೀಗು, ಕೋಲ್ಕತ್ತೆಯಲ್ಲಿ ಬೆಂಚು ಕಾಯ್ದ ವರ್ಷಗಳು, ಕೊನೆಗೆ ಗೋವೆಯ ಕ್ಲಬ್ಬಿನಲ್ಲಿ ಒಂದನೇ ನಂಬರಿನ ಜೆರ್ಸಿ. ಕೈಬೆರಳುಗಳಲ್ಲಿ ನೆಟ್ಟಗಿರುವುದು ಒಂದೂ ಇಲ್ಲ. ಹೋದ ಸೀಸನ್ನಿನಲ್ಲಿ ಎದುರಾಳಿಯ ಮೊಣಕಾಲು ಎಡ ಕಣತಲೆಗೆ ಬಡಿದು, ಸ್ಟ್ರೆಚರ್ ಮೇಲೆ ಹೊರಗೆ ಬಂದಿದ್ದ.

ಡಾಕ್ಟರು ಹೇಳಿದ್ದು ಇಷ್ಟು. ಕಣ್ಣುಗುಡ್ಡೆಗೆ ಏನೂ ಆಗಿಲ್ಲ. ಕಣ್ಣು ಕಂಡದ್ದನ್ನು ತಲೆ ಸರಿಯಾಗಿ ಅಳೆಯುತ್ತದೋ ಇಲ್ಲವೋ ಎಂಬುದು ಆಡಿದಾಗಲೇ ಗೊತ್ತಾಗಬೇಕು. ಅಳತೆ ತಪ್ಪಿದ್ದರೆ ಗ್ಲೌಸ್ ಮುಟ್ಟಕೂಡದು. ಅದೇ ಜಾಗಕ್ಕೆ ಇನ್ನೊಂದು ಏಟು ಬಿದ್ದರೆ ಹೋಗುವುದು ಆಟವೊಂದೇ ಅಲ್ಲ.

ಅದನ್ನು ನೋಡಲೆಂದೇ ಕ್ಲಬ್ಬಿನ ಮ್ಯಾನೇಜರು ಅಜ್ಜಂಪುರಕ್ಕೆ ಬಂದಿದ್ದ. ಕಡೂರು ಮತ್ತು ತರೀಕೆರೆ ಟೀಮುಗಳ ಪಂದ್ಯ. ಶಶಿಧರ ಮೂರು ಗೋಲು ಬಿಟ್ಟ, ಮೂರೂ ಒಂದೇ ಮಗ್ಗುಲಿಗೆ. ಮ್ಯಾನೇಜರು ಬಾಳೆಲೆ ಊಟಕ್ಕೂ ನಿಲ್ಲದೆ ಹೊರಟುಹೋದ. ಗೋಲು ಬಿಟ್ಟವನ ಗೋಳನ್ನು ಯಾರು ಕೇಳುತ್ತಾರೆ?

ಸ್ಫೂರ್ತಿ ಕೇಳಿದಳು. ಕೇಳಿ ವನಜಾಕ್ಷಿಯ ಬಾಗಿಲಿಗೆ ಬಂದಳು. ಯಾರೋ ಮೋಸ ಮಾಡಿದ್ದಾರೆಂದು ತೋರಿಸಿಕೊಟ್ಟರೆ ಇನ್ನೊಂದು ಅವಕಾಶ ಕೊಡುತ್ತೇನೆ ಎಂದು ಮ್ಯಾನೇಜರು ಒಪ್ಪಿದ್ದ. ಇವತ್ತು ಸಂಜೆ ಅವನು ಫೋನು ಮಾಡುವವನಿದ್ದ.

“ಹೊರಡಿ,” ಎಂದಳು ವನಜಾಕ್ಷಿ. “ಅಜ್ಜಂಪುರದಲ್ಲಿ ಒಬ್ಬನ ಬಾಯಿ ಬಿಡಿಸ್ಬೇಕು.”

“ಯಾರಕ್ಕ?” ಶಶಿಧರ ಕೇಳಿದ.

“ಅಲ್ಲಿ ಹೋದ್ಮೇಲೆ ನೀನೇ ನೋಡೀಯಂತೆ.”

ಹೊರಡುವ ಮುಂಚೆ ಒಂದು ಫೋನು ಮಾಡಿದಳು. ಗಂಟಲು ಕೆರೆದುಕೊಂಡಳು, ಗದ್ದ ಎದೆಗೆ ಒತ್ತಿದಳು. ಟೂರ್ನಮೆಂಟಿನ ಅಧ್ಯಕ್ಷ ಪಂಚಾಕ್ಷರಪ್ಪನವರು, ಎಲೆಅಡಿಕೆ ತುಂಬಿದ ಅವರ ಬಾಯಿಯ ಸಮೇತ, ಆ ಆಫೀಸಿನಲ್ಲಿ ಪ್ರತ್ಯಕ್ಷರಾದರು.

“ಯಾರು, ಓಂಕಾರೇಶನಾ? ಊಂ… ನಾನಯ್ಯ, ಪಂಚಾಕ್ಷರಪ್ಪ. ನನ್ ಫೋನಿಗೆ ಚಾರ್ಜಿಲ್ಲ, ಡ್ರೈವರ್ ಫೋನಿಂದ ಮಾಡ್ತಾ ಇದೀನಿ. ನಿನ್ ಮೈಕ್ ಸ್ಟ್ಯಾಂಡು ಫೀಲ್ಡಲ್ಲೇ ಬಿದ್ದೈತೆ, ದನ ತುಳೀತಾ ಅವೆ. ಈಗ್ಲೇ ಬಂದು ಎತ್ಕಂಡ್ ಹೋಗು. ಊಂ… ತಿಳೀತೋ?”

“ಬಂದೆ ಯಜಮಾನ್ರೇ,” ಎಂದಿತು ಆ ಕಡೆಯ ದನಿ.

ಶಶಿಧರನ ಮುಖ ಬದಲಾಯಿತು. “ಓಂಕಾರಿನಾ? ಅಕ್ಕ, ಅವನು ನನ್ ದೋಸ್ತ್.”

“ಅದಕ್ಕೇ ಕಣಪ್ಪ. ಗೊತ್ತಿಲ್ದೋನು ಈ ಕೆಲ್ಸ ಮಾಡಕ್ಕಾಗಲ್ಲ.”

ಹಳೆಯ ಓಮ್ನಿಯನ್ನು ಓಡಿಸಿದವಳು ಸ್ಫೂರ್ತಿ. ಏಟು ಬಿದ್ದಾಗಿನಿಂದ ಶಶಿಧರ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಡಾಕ್ಟರು ಬೇಡ ಎಂದಿದ್ದಾರೆ ಎನ್ನುತ್ತಿದ್ದ. ಬೀರೂರು ದಾಟಿತು. ಬೇಸರ ಮುರಿಯಲೆಂದು ವನಜಾಕ್ಷಿ ಹಿಂದಿನ ಸೀಟಿನಿಂದಲೇ, “ಸ್ಫೂರ್ತಿ, ಹಂಪ್ ಐತೆ ನೋಡು,” ಎಂದಳು. ದನಿ ಶಶಿಧರನದು, ಅವನ ತಗ್ಗಿದ, ಸ್ವಲ್ಪ ಒಡೆದ ದನಿ.

ಸ್ಫೂರ್ತಿ, “ನೋಡ್ದೆ ರೀ,” ಎಂದು ಬ್ರೇಕು ಒತ್ತಿದಳು. ಪಕ್ಕದಲ್ಲಿ ಗಂಡ ಬಾಯಿ ಮುಚ್ಚಿ ಕೂತಿರುವುದು ಆಮೇಲೆ ಕಂಡಿತು. ವಾರಗಳ ನಂತರ ಅವಳು ನಕ್ಕಳು.

“ನಂಗಿಂತ ನೀವೇ ಚೆನ್ನಾಗ್ ಮಾತಾಡ್ತೀರ ಬಿಡಿ,” ಎಂದ ಶಶಿಧರ.

ಆ ನಗುವಿನ ಆಸೆಯಲ್ಲೇ ವನಜಾಕ್ಷಿ ತಾನು ಪತ್ತೆ ಮಾಡಿದ್ದನ್ನು ಮತ್ತೊಮ್ಮೆ ಒಂದರ ಪಕ್ಕ ಒಂದು ಜೋಡಿಸಿಕೊಂಡಳು.

ಗೋಲ್‌ಕೀಪರನಿಗೆ ಬೆನ್ನ ಹಿಂದೆ ಕಣ್ಣಿಲ್ಲ. ಆಟದ ಮಧ್ಯೆ ತಿರುಗಿ ತಿರುಗಿ ಕಂಬಗಳನ್ನು ನೋಡುತ್ತ ನಿಲ್ಲುವಂತಿಲ್ಲ. ಆದ್ದರಿಂದ ಆಟಕ್ಕೆ ಮೊದಲು ಎರಡು ಕಂಬಗಳ ನಟ್ಟನಡುವೆ ನಿಂತು, ಅಲ್ಲಿಂದ ಮುಂದಕ್ಕೆ ಹಿಮ್ಮಡಿಯಿಂದ ನೆಲದಲ್ಲಿ ಒಂದು ಗೆರೆ ಎಳೆದುಕೊಳ್ಳುತ್ತಾನೆ. ಆಮೇಲೆ ಆ ಗೆರೆಯೇ ಅವನ ಮನೆ. ಎಲ್ಲಿಗೆ ಓಡಿದರೂ ಗೆರೆಗೆ ವಾಪಸು ಬಂದರೆ ನಡು ಸಿಕ್ಕಿತೆಂದೇ ಲೆಕ್ಕ. ನೋಡುವವರಿಗೆ ಅದು ಹೋರಿ ಕೆರೆದ ಹಾಗೆ ಕಾಣುತ್ತದೆ. ಮೈದಾನಕ್ಕೆ ಸುಣ್ಣದ ಗೆರೆ ಹಾಕಿದ ಚಿಕ್ಕಬೀರಪ್ಪನನ್ನು ಕೇಳಿದಾಗ, “ಎಮ್ಮೆ ಗೀರಿರ್ಬೇಕು ಬಿಡವ್ವ,” ಎಂದಿದ್ದ. ಅಲ್ಲಿಗೆ ಅನುಮಾನದ ಪಟ್ಟಿಯಿಂದ ಅವನ ಹೆಸರು ಹೊಡೆದುಹೋಯಿತು.

ಕ್ಲಬ್ಬಿನ ಪಂದ್ಯಗಳಲ್ಲಿ ಕೀಪರ್ ಗೆರೆ ಎಳೆದು ಅಲ್ಲೇ ನಿಲ್ಲುತ್ತಾನೆ. ಆದರೆ ನಮ್ಮ ಕಡೆ ವೇದಿಕೆ ಕಾರ್ಯಕ್ರಮವಿಲ್ಲದೆ ಚೆಂಡು ಉರುಳುವುದುಂಟೇ? ಗೆರೆ ಎಳೆದು ಗ್ಲೌಸ್ ಬಿಗಿದುಕೊಳ್ಳುತ್ತಿದ್ದವನನ್ನು ಪಂಚಾಕ್ಷರಪ್ಪನವರು ಕರೆಸಿ, ಪೇಟ ಶಾಲುಗಳಲ್ಲಿ ಮುಳುಗಿಸಿ, ಪಕ್ಕದಲ್ಲಿ ತರೀಕೆರೆಯ ಫಾರ್ವರ್ಡ್ ಬಸವೇಶನನ್ನೂ ಕೂರಿಸಿ ಸನ್ಮಾನ ಮಾಡಿದರು. ಆ ಬಿಸಿಲಿಗೆ ಅದು ಅಪ್ಪಟ ಸನ್-ಮಾನ. ಆಮೇಲೆ ಭಾಷಣ ಶುರುವಾಯಿತು. ಅಧ್ಯಕ್ಷರ ಭಾಷಣವೆಂದರೆ ಅಷ್ಟರಲ್ಲಿ ಒಬ್ಬ ಮನೆಗೆ ಹೋಗಿ ಊಟ ಮಾಡಿ ಬರಬಹುದು.

ಆ ಹೊತ್ತಿನಲ್ಲೇ ಯಾರೋ ರೈಲ್ವೆ ಗೇಟಿನ ಕಡೆಯ ಗೋಲಿಗೆ ಹೋಗಿದ್ದರು. ಶಶಿಧರನ ಗೆರೆಯನ್ನು ಕಾಲಿನಿಂದ ಉಜ್ಜಿ, ಮೊಳದಷ್ಟು ಪಕ್ಕಕ್ಕೆ ಇನ್ನೊಂದು ಗೆರೆ ಎಳೆದಿದ್ದರು. ಹಿಂದಿನ ದಿನದ ಮಳೆಗೆ ನೆಂದಿದ್ದ ನೆಲ ಆಮೇಲಿನ ಬಿಸಿಲಿಗೆ ಹೆಂಚಿನಂತೆ ಗಟ್ಟಿಯಾಗಿ, ಉಜ್ಜಿದ್ದನ್ನೂ ಎಳೆದದ್ದನ್ನೂ ಹಾಗೇ ಉಳಿಸಿಕೊಂಡಿತ್ತು. ಉಜ್ಜಿದ ಜಾಗದಲ್ಲಿ ಶಶಿಧರನ ಬೂಟಿನಡಿಯ ಸ್ಟಡ್ಡುಗಳ ಸಾಲು. ಹೊಸ ಗೆರೆಯಲ್ಲಿ ಚಪ್ಪಲಿಯ ನುಣುಪು.

ಗೋಲು ಹೊಡೆದ ಬಸವೇಶನ ಮೇಲೆ ಅನುಮಾನ ಬರಬೇಕಾದ್ದೇ. ಆದರೆ ಅವನು ವೇದಿಕೆ ಇಳಿದಿರಲಿಲ್ಲ, ಇಡೀ ಊರೇ ಸಾಕ್ಷಿ.

ವನಜಾಕ್ಷಿಯ ಕಣ್ಣಿಗೆ ಬಿದ್ದದ್ದು ಹೊಸ ಗೆರೆಯ ತುದಿ. ಅಲ್ಲಿ ಒಂದು ಸಣ್ಣ ಕೊಕ್ಕೆ ಇತ್ತು. ಹಿಮ್ಮಡಿಯನ್ನು ಊರಿ ಗಿರಕ್ಕನೆ ತಿರುಗಿಸಿದ ಕೊಕ್ಕೆ. ಶಶಿಧರನನ್ನು ಕೇಳಿದಾಗ, ಅದನ್ನು ಕಲಿಸಿದ್ದು ತೀರಿಹೋದ ಸಿಂಗಟಗೆರೆ ರಂಗಪ್ಪ ಮೇಷ್ಟ್ರು ಎಂದಿದ್ದ. ಗೆರೆಯ ತುದಿ ಬಂತೆಂದು ಕಣ್ಣಿಗೆ ಕಾಣದಿದ್ದರೂ ಕಾಲಿಗೆ ತಿಳಿಯಲಿ ಎಂದು ಮೇಷ್ಟ್ರು ಹಾಕಿಸುತ್ತಿದ್ದ ಕೊಕ್ಕೆ ಅದು. ಆ ಮೇಷ್ಟ್ರ ಕೈಕೆಳಗೆ ಗೋಲು ಕಾದವರು ಇಬ್ಬರೇ. ಒಬ್ಬ ಶಶಿಧರ. ಇನ್ನೊಬ್ಬ, ಕಾಲೇಜಿನ ಅಷ್ಟೂ ವರ್ಷ ಶಶಿಧರನಿಗೆ ಜ್ವರ ಬರಲೆಂದು ಬೆಂಚಿನಲ್ಲಿ ಕಾದ ತರೀಕೆರೆಯ ಓಂಕಾರೇಶ್. ಅಂದು ಮೈಕು ಹಿಡಿದಿದ್ದವನೂ ಅವನೇ. ಅಧ್ಯಕ್ಷರ ಭಾಷಣದ ಹೊತ್ತಿನಲ್ಲಿ ಮೈಕಿನವನಿಗೆ ಏನು ಕೆಲಸ?

ಶಶಿಧರ ಇನ್ನೂ ಒಂದು ಮಾತು ಹೇಳಿದ್ದ. “ಆವತ್ತು ಗೆರೆ ಮೇಲೆ ನಿಂತಾಗ ಇಡೀ ಫೀಲ್ಡೇ ಒಂದ್ ಕಡೆ ಜರುಗಿದಂಗೆ ಕಾಣ್ತಾ ಇತ್ತಕ್ಕ. ಗೆರೆ ಸುಳ್ಳು ಹೇಳಲ್ಲ ಅಂತ ಗೆರೆನೇ ನಂಬ್ದೆ.”

ಇದಕ್ಕಿಂತ ಸಾಕ್ಷಿ ಬೇಕೆ? ಪತ್ತೆಗೆ ಬೇಕಾದ ದಾರ ಸಿಕ್ಕಿದರೆ ಪತ್ತೆದಾರ. ಅವಳಿಗೆ ಸಿಕ್ಕಿತ್ತು.

ಅಜ್ಜಂಪುರದ ಮೈದಾನದಲ್ಲಿ ಗೋಲುಕಂಬಗಳಿರಲಿಲ್ಲ. ಪೈಪುಗಳನ್ನು ಗುಜರಿಯವರು ಹೊತ್ತೊಯ್ಯುತ್ತಾರೆಂದು, ಪಂದ್ಯ ಮುಗಿದ ಸಂಜೆಯೇ ಕಿತ್ತು, ಗುಂಡಿಗಳಿಗೆ ಮಣ್ಣು ತುಂಬಿಸಿ ಒಳಗಿಡುವುದು ಇಲ್ಲಿಯ ರೂಢಿ. ಕಂಬಗಳಿಲ್ಲದ ಮೈದಾನ ಹಲ್ಲು ಉದುರಿದ ಬಾಯಿಯಂತಿತ್ತು. ನಾಲ್ಕು ಕುರಿ, ಒಂದು ಹರಿದ ಬ್ಯಾನರು. ಬ್ಯಾನರಿನಲ್ಲಿ ಪೇಟ ತೊಟ್ಟ ಶಶಿಧರ ಮಣ್ಣು ಮೆತ್ತಿಕೊಂಡು ನಗುತ್ತಿದ್ದ.

ಓಂಕಾರೇಶ್ ಆಗಲೇ ಬಂದು ಮೈಕ್ ಸ್ಟ್ಯಾಂಡು ಹುಡುಕುತ್ತಿದ್ದ. ದಪ್ಪಗೆ, ಗುಂಡಗೆ, ಸದಾ ಏನೋ ಹೇಳಲು ಹೊರಟವನ ಮುಖ. ಶಶಿಧರನನ್ನು ಕಂಡು ಆ ಮುಖ ಬಾಡಿತು.

“ಲೇ ಶಶಿ. ಯಾವಾಗ್ ಬಂದ್ಯೋ?”

“ಈಗ ಬಂದೆ ಕಣೋ.”

“ಪಂಚಾಕ್ಷರಪ್ಪೋರು ಫೋನ್ ಮಾಡಿದ್ರು, ಸ್ಟ್ಯಾಂಡು…”

“ಊಂ… ಸ್ಟ್ಯಾಂಡು ಇಲ್ಲ ಕಣಯ್ಯ,” ಎಂದಳು ವನಜಾಕ್ಷಿ, ಪಂಚಾಕ್ಷರಪ್ಪನವರ ದನಿಯಲ್ಲೇ. “ನೀನೀಗ ಯಾವ ಸ್ಟ್ಯಾಂಡು ತಗೊಳ್ತೀಯ, ಅದನ್ನ ನೋಡಣ ಅಂತ ಕರೆಸ್ದೆ. ತಿಳೀತೋ?”

ಓಂಕಾರೇಶನ ಬಾಯಿ ತೆರೆದೇ ಉಳಿಯಿತು. ಇಡೀ ತಾಲ್ಲೂಕಿಗೆ ಮಿಮಿಕ್ರಿ ಮಾಡಿ ನಗಿಸುತ್ತಿದ್ದವನು, ಮೊದಲ ಬಾರಿಗೆ ಇನ್ನೊಬ್ಬರ ಮಿಮಿಕ್ರಿಗೆ ಬಿದ್ದಿದ್ದ.

ಅವಳು ಸುತ್ತಿ ಬಳಸಲಿಲ್ಲ. ರೈಲ್ವೆ ಗೇಟಿನ ಕಡೆಯ ಗೋಲಿದ್ದ ಜಾಗಕ್ಕೆ ಅವನನ್ನು ನಡೆಸಿಕೊಂಡು ಹೋಗಿ ಗೆರೆಯ ತುದಿಯ ಕೊಕ್ಕೆ ತೋರಿಸಿದಳು.

“ಇದು ಯಾರ ಕಾಲು?”

ಓಂಕಾರೇಶ್ ಕೊಕ್ಕೆಯನ್ನು ನೋಡಿದ. ತನ್ನ ಚಪ್ಪಲಿಯನ್ನು ನೋಡಿದ. ಕೊನೆಗೆ ಶಶಿಧರನನ್ನು ನೋಡಿದ.

“ತಮಾಷೆಗ್ ಮಾಡ್ದೆ ಕಣೋ,” ಎಂದ.

ಸ್ಫೂರ್ತಿ ಕಣ್ಣು ಮುಚ್ಚಿಕೊಂಡಳು. ಅವಳ ಎದೆಯಿಂದ ಹೊರಬಿದ್ದದ್ದು ಸಿಟ್ಟಲ್ಲ, ನಿಟ್ಟುಸಿರು. ಮೋಸ ನಡೆದಿತ್ತು. ಎಂದರೆ ಗಂಡನ ಕಣ್ಣು ಸರಿಯಿತ್ತು.

“ತಮಾಷೆನಾ?” ಎಂದಳು ವನಜಾಕ್ಷಿ.

“ಕಾಲೇಜಲ್ಲಿ ಮಾಡ್ತಾನೇ ಇದ್ವಿ ಮೇಡಂ. ಪ್ರಾಕ್ಟೀಸ್‌ನಲ್ಲಿ ಇವನ ಗೆರೆ ನಾನ್ ಸರಿಸೋದು, ನನ್ ಗೆರೆ ಇವನು. ನಾನು ಗಂಟೆಗಟ್ಲೆ ತಪ್ ಜಾಗದಲ್ಲೇ ನಿಂತಿರ್ತಿದ್ದೆ. ಇವನು ಬಂದ್ ನಿಂತ ತಕ್ಷಣ ಕಂಡ್ಹಿಡಿಯೋನು. ಒಂದ್ಸಲಾನೂ ಏಮಾರಿಲ್ಲ. ಥೂ ಅಂತ ಉಗಿದು, ಗೆರೆ ಅಳಿಸಿ, ‘ಲೇ ಓಂಕಾರಿ, ನಿಮ್ಮಜ್ಜಿ’ ಅಂತ ಬಯ್ಯೋನು.” ಅವನ ಕಣ್ಣು ತುಂಬಿತು. “ಆ ಬೈಗುಳ ಕೇಳಿ ಎಷ್ಟೊಂದ್ ವರ್ಷ ಆಗಿತ್ತು. ಕೇಳಣ ಅಂತ ಮಾಡ್ದೆ. ಮೈಕ್ ಹಿಡ್ಕಂಡು ಕಾಯ್ತಾನೇ ಇದ್ದೆ. ಇವನು ಬಂದ, ನಿಂತ. ಬಯ್ಲೇ ಇಲ್ಲ.”

“ಆಮೇಲ್ ಯಾಕ್ ಹೇಳ್ಲಿಲ್ಲ?”

“ಒಂದ್ ಗೋಲು ಹೋಯ್ತು. ಇನ್ನೊಂದ್ ಹೋಯ್ತು. ನಾಲಿಗೆ ಬಿದ್ದೋಯ್ತು ಮೇಡಂ.”

ಶಶಿಧರ ದೂರದ ಕುರಿಗಳನ್ನು ನೋಡುತ್ತಿದ್ದ. ಅವನ ಮುಖದಲ್ಲಿ ಕೋಪವಿರಲಿಲ್ಲ. ಏನೋ ಲೆಕ್ಕ ಹಾಕುವವನ ಮುಖ ಅದು.

“ಇದನ್ನೇ ಮ್ಯಾನೇಜರಿಗೆ ಹೇಳ್ತೀಯ?” ಸ್ಫೂರ್ತಿ ಓಂಕಾರೇಶನನ್ನು ಕೇಳಿದಳು. “ನೀನೇ ನಿನ್ ಬಾಯಲ್ಲಿ?”

“ಹೇಳ್ತೀನಿ ಕಣಮ್ಮ. ಮೈಕ್ ಹಾಕಿ ಬೇಕಾದ್ರೂ ಹೇಳ್ತೀನಿ.”

ಕೇಸು ಮುಗಿಯಿತು. ಮುಗಿದದ್ದರ ಫೋಟೋ ಒಂದಿರಲಿ ಎಂದು ವನಜಾಕ್ಷಿ ಗೋಲಿದ್ದ ಜಾಗದಲ್ಲಿ ಕೀಪರನಂತೆ ಮೈದಾನಕ್ಕೆ ಮುಖ ಮಾಡಿ ನಿಂತಳು. “ಮೊದಲ್ನೇ ಚೆಂಡು ಯಾವ್ ಕಡೆ ಹೋಯ್ತು, ತೋರಿಸಪ್ಪ.”

ಓಂಕಾರೇಶ್ ಅವಳ ಎಡಗಡೆಗೆ ಕೈ ಚಾಚಿದ. “ಹಿಂಗೇ ಮೇಡಂ. ಎರಡ್ನೇದೂ ಇಲ್ಲೇ.”

“ಬಲಗಡೆ ಅಲ್ವಾ?”

“ಬಲಗಡೆ ಯಾಕ್ ಹೋಗುತ್ತೆ? ಎಡಕ್ಕೇ.”

ವನಜಾಕ್ಷಿ ಕೈಯಲ್ಲಿದ್ದ ಫೋನನ್ನು ಇಳಿಸಿದಳು.

ಗೋಲುಗಳನ್ನು ಅವಳು ನೋಡಿದ್ದು ಸ್ಫೂರ್ತಿ ಎದುರಿನಿಂದ ತೆಗೆದ ವಿಡಿಯೋದಲ್ಲಿ. ಅದರಲ್ಲಿ ಚೆಂಡು ಬಲಕ್ಕೆ ಹೋಗಿತ್ತು. ಗೆರೆಯನ್ನು ನೋಡಿದ್ದು, ಬಿಸಿಲು ಕಣ್ಣಿಗೆ ಹೊಡೆಯದಿರಲೆಂದು ಇತ್ತ ಗೋಲಿನ ಹಿಂದಿನಿಂದ. ಇಲ್ಲಿಂದ ಗೆರೆ ಎಡಕ್ಕೆ ಸರಿದಿತ್ತು. ಕೀಪರ್ ಎಡಕ್ಕೆ ನಿಂತ, ಬಲಗಡೆ ಖಾಲಿ ಉಳಿಯಿತು, ಚೆಂಡು ಅಲ್ಲಿಗೇ ಹೋಯಿತು: ಎಷ್ಟು ಸಲೀಸಾಗಿ ಕೂಡಿಸಿಬಿಟ್ಟಿದ್ದಳು. ಎದುರಿನಿಂದ ನೋಡುವವರ ಬಲ ಗೋಲು ಕಾಯುವವನ ಎಡ ಎಂಬುದು ಗೋಲಿನೊಳಗೆ ನಿಲ್ಲುವವರೆಗೂ ಅವಳಿಗೆ ಹೊಳೆದಿರಲಿಲ್ಲ.

ಗೆರೆ ಸರಿದದ್ದು ಎಡಕ್ಕೆ. ಚೆಂಡು ಹೋದದ್ದೂ ಎಡಕ್ಕೇ. ಇವನು ಚೆಂಡಿಗೆ ಇನ್ನೂ ಹತ್ತಿರ ಬಂದು ನಿಂತಿದ್ದ. ಆದರೂ ಬಿಟ್ಟಿದ್ದ.

“ಏನಾಯ್ತಕ್ಕ?” ಸ್ಫೂರ್ತಿ ಕೇಳಿದಳು.

“ಏನಿಲ್ಲ ಕಣವ್ವ. ಗಾಡೀಲಿ ಹಗ್ಗ ಐತಾ?”

ಬೇಡವಾಗಿತ್ತು. ಕೇಸು ಮುಗಿದಿದೆ, ನಡೀರಿ ಟೀ ಕುಡಿಯೋಣ ಎಂದಿದ್ದರೆ ಆಗಿಹೋಗುತ್ತಿತ್ತು. ಆದರೆ ಪತ್ತೇದಾರರ ಜಾತಿಯೇ ಹಾಗೆ. ಗಾಯ ಮಾಗುತ್ತಿದ್ದರೆ ಒಮ್ಮೆ ಕೆರೆದು ನೋಡಬೇಕು.

ಸ್ಫೂರ್ತಿ ತೆಂಗಿನ ನಾರಿನ ಹಗ್ಗ ತಂದಳು. ಓಂಕಾರೇಶ್ ಕಂಬಗಳ ಗುಂಡಿಗಳನ್ನು ಕೈಯಿಂದ ಬಗೆದು ತೆರೆದ. ಹೊಸ ಮಣ್ಣು ಸಡಿಲವಾಗಿತ್ತು. ಒಂದು ಗುಂಡಿಯ ಬಳಿ ಸ್ಫೂರ್ತಿ ಹಗ್ಗದ ತುದಿ ಹಿಡಿದು ಕೂತಳು, ಇನ್ನೊಂದರ ಬಳಿ ಓಂಕಾರೇಶ್. ಬಿಗಿಯಾಗಿ ಎಳೆದ ಹಗ್ಗವನ್ನು ವನಜಾಕ್ಷಿ ಎರಡು ಮಡಿಕೆ ಮಾಡಿ, ನಡುವಿಗೆ ತನ್ನ ಕರ್ಚೀಫು ಕಟ್ಟಿದಳು.

“ಈಗ ಮತ್ತೆ ಎಳೀರಿ.”

ಎಳೆದರು. ಕರ್ಚೀಫು ಗಾಳಿಗೆ ತೂಗಾಡಿ ನಿಂತಿತು.

ಉಜ್ಜಿದ ಗೆರೆಯ ಮೇಲಲ್ಲ. ಓಂಕಾರೇಶ್ ಎಳೆದ ಗೆರೆಯ ಮೇಲೆ. ಕೂದಲೆಳೆಯಷ್ಟೂ ಆಚೀಚೆ ಇಲ್ಲದೆ.

ಸ್ಫೂರ್ತಿಗೆ ಅರ್ಥವಾಗಲಿಲ್ಲ. “ಹಗ್ಗ ಜಾರಿರ್ಬೇಕು. ಇನ್ನೊಂದ್ಸಲ ಮಾಡಿ ಅಕ್ಕ.”

ಮಾಡಿದರು. ಕರ್ಚೀಫು ಅಲ್ಲೇ ನಿಂತಿತು.

“ಏನ್ ಹಂಗಂದ್ರೆ?” ಓಂಕಾರೇಶ್ ತೊದಲಿದ. “ನಾನು ತಪ್ ಜಾಗಕ್ಕೆ ತಾನೇ ಸರಿಸಿದ್ದು?”

“ನೀನು ಸರಿ ಜಾಗಕ್ಕೆ ಸರಿಸಿದೀಯ,” ಎಂದಳು ವನಜಾಕ್ಷಿ. ಅವಳ ಸ್ವಂತ ದನಿ ಅವಳಿಗೇ ಯಾರದೋ ಎನಿಸಿತು. “ಮೊದಲ್ನೇ ಗೆರೆನೇ ತಪ್ಪಿತ್ತು.”

ಮೊದಲನೆಯ ಗೆರೆ ಎಳೆದವನು ಶಶಿಧರ. ಹಗಲಿನ ಬೆಳಕಿನಲ್ಲಿ, ಎರಡೂ ಕಂಬಗಳನ್ನು ಕಣ್ಣಾರೆ ನೋಡಿ, ಇದೇ ನಡು ಎಂದು ಎಳೆದ ಗೆರೆ.

“ಆ ಕಡೆ ಗೋಲು ನೋಡಣ,” ಎಂದ ಶಶಿಧರ. ಬಂದಾಗಿನಿಂದ ಅವನು ಆಡಿದ್ದು ಇದು ಎರಡನೆಯ ಮಾತು.

“ರೀ, ಬೇಡ.”

“ನೋಡಣ ಬಾ ಸ್ಫೂರ್ತಿ. ಆ ಕಡೆ ಓಂಕಾರಿ ಹೋಗೇ ಇಲ್ವಲ್ಲ.”

ದ್ವಿತೀಯಾರ್ಧದಲ್ಲಿ ಅವನು ಕಾದ ಗೋಲು ಅದು. ಅಲ್ಲಿ ಸನ್ಮಾನವಿರಲಿಲ್ಲ, ಭಾಷಣವಿರಲಿಲ್ಲ. ಗೆರೆ ಎಳೆದವನು ಆಟ ಮುಗಿಯುವವರೆಗೂ ಅದನ್ನು ಬಿಟ್ಟು ಹೋಗಿರಲಿಲ್ಲ. ಸ್ಟಡ್ಡುಗಳ ಗೀರು ನಿಚ್ಚಳವಾಗಿತ್ತು, ತುದಿಯಲ್ಲಿ ರಂಗಪ್ಪ ಮೇಷ್ಟ್ರ ಕೊಕ್ಕೆ ಇತ್ತು. ಹಗ್ಗ ಹಿಡಿಯುವ ಮೊದಲೇ ವನಜಾಕ್ಷಿಗೆ ಗೊತ್ತಾಗಿತ್ತು. ಆದರೂ ಹಿಡಿದರು.

ಕರ್ಚೀಫಿಗೂ ಗೆರೆಗೂ ನಡುವೆ ಒಂದು ಮೊಳ. ಗೆರೆ ಕೀಪರನ ಬಲಕ್ಕೆ ವಾಲಿತ್ತು. ಎಡಗಡೆಯ ಲೋಕವನ್ನು ಅವನ ತಲೆ ಅಷ್ಟರ ಮಟ್ಟಿಗೆ ಕತ್ತರಿಸಿ ಹಾಕಿತ್ತು.

ಗೇಟಿನಾಚೆ ಒಂದು ಗೂಡ್ಸು ರೈಲು ಹೋಗತೊಡಗಿತು. ಮುಗಿಯುವುದೇ ಇಲ್ಲವೇನೋ ಎಂಬಂತೆ ಹೋಗುತ್ತಲೇ ಇತ್ತು.

“ಆದ್ರೆ ಕಾಯಿ ಹಿಡಿದ್ರಲ್ಲ ಅಕ್ಕ,” ಎಂದಳು ಸ್ಫೂರ್ತಿ. ಮುಳುಗುವವಳು ದಡದ ಹುಲ್ಲಿಗೆ ಕೈ ಚಾಚಿದ ಹಾಗೆ. “ಬೆಳಿಗ್ಗೆ ತಾನೇ, ಎಡಗಡೆಯಿಂದ್ಲೇ ಬಂದಿದ್ದು. ನೀವೇ ನೋಡಿದ್ರಲ್ಲ.”

ವನಜಾಕ್ಷಿ ಶಶಿಧರನ ಮುಖ ನೋಡಿದಳು.

“ಕಾಯೊಳಗೆ ನೀರಿರ್ತದೆ ಸ್ಫೂರ್ತಿ,” ಎಂದ ಅವನು, ಮಗುವಿಗೆ ಹೇಳುವಂತೆ. “ಗಾಳೀಲಿ ಬರ್ತಾ ಇದ್ರೆ ಕುಲುಕ್ತದೆ. ಸಣ್ಣೋನಿದ್ದಾಗಿಂದ ಕೇಳ್ಕಂಡೇ ಹಿಡೀತಿದ್ದೆ. ಈಗಂತೂ ಕೇಳ್ಕಂಡೇ ಹಿಡಿಯೋದು. ಚೆಂಡಲ್ಲಿ ನೀರಿರಲ್ವಲ್ಲ.”

ಸ್ಫೂರ್ತಿಯ ಕೈಯಿಂದ ಹಗ್ಗ ಜಾರಿತು.

ಆಗ ಶಶಿಧರನ ಹೆಗಲು ಅಲುಗಿತು. ಅಳುತ್ತಿದ್ದಾನೆಂದು ಓಂಕಾರೇಶ್ ಹತ್ತಿರ ಹೋದ. ಅಳುತ್ತಿರಲಿಲ್ಲ.

“ಲೇ ಓಂಕಾರಿ,” ಎಂದ, ನಗು ತಡೆಯಲಾರದೆ ಅವನ ತೋಳು ಹಿಡಿದುಕೊಂಡು. “ನಿಮ್ಮಜ್ಜಿ. ಕಾಲೇಜಲ್ಲಿ ಅಷ್ಟು ವರ್ಷ ಮೇಷ್ಟ್ರು ಕಲಿಸಿದ್ರು, ಒಂದಿನಾನೂ ನಿಂಗೆ ನಡು ಸಿಕ್ಲಿಲ್ಲ. ಕೊನೆಗೂ ಸರ್ಯಾದ್ ಜಾಗದಲ್ಲಿ ಗೆರೆ ಎಳೆದ್ಯಲ್ಲೋ. ಅದೂ ನಂಗ್ ಮೋಸ ಮಾಡಕ್ಕೆ ಹೋಗಿ.”

ಓಂಕಾರೇಶನಿಗೂ ನಗು ಬಂದುಬಿಟ್ಟಿತು. ನಗುತ್ತಲೇ ಅವನು ಮೂಗು ಒರೆಸಿಕೊಂಡ.

ಅಷ್ಟರಲ್ಲಿ ಸ್ಫೂರ್ತಿಯ ಚೀಲದಲ್ಲಿ ಫೋನು ಹೊಡೆದುಕೊಂಡಿತು. ಶಶಿಧರನ ಫೋನು. ತೆರೆಯ ಮೇಲೆ ಗೋವೆಯ ಮ್ಯಾನೇಜರನ ಹೆಸರು.

ಸ್ಫೂರ್ತಿ ಅದನ್ನು ಗಂಡನತ್ತ ಚಾಚಿದಳು. ಅವನು ಗಂಡಾಂತರದ ಕರೆಯನ್ನೂ ಕೇಳಿಸಿಕೊಳ್ಳದಷ್ಟು ನಗುತ್ತ, ತಾನೇ ಎಳೆದ ಗೆರೆಯ ಪಕ್ಕ ಮಣ್ಣಿನಲ್ಲಿ ಕುಸಿದು ಕೂತಿದ್ದ. ಅವಳು ವನಜಾಕ್ಷಿಯ ಕಡೆ ತಿರುಗಿದಳು. ಒಂದು ಗಳಿಗೆಯಲ್ಲಿ ಅವಳ ಮುಖದಿಂದ ವಾರಗಳ ದಣಿವೆಲ್ಲ ಹೋಗಿ, ಬೇರೆ ಏನೋ ಬಂದಿತ್ತು.

“ಅಕ್ಕ, ಹಗ್ಗದ ವಿಷ್ಯ ನಮ್ಗೆ ನಾಲ್ಕೇ ಜನಕ್ಕೆ ಗೊತ್ತಿರೋದು.”

“ಸ್ಫೂರ್ತಿ…”

“ಗೆರೆ ಸರಿಸಿದ್ದು ನಿಜ ತಾನೇ? ಓಂಕಾರಣ್ಣ ಒಪ್ಕೊಂಡಿದ್ದು ನಿಜ ತಾನೇ? ಅಷ್ಟೇ ಹೇಳಣ. ಅದ್ರಲ್ಲಿ ಸುಳ್ಳೇನಿದೆ?”

“ಇನ್ನೊಂದ್ ಏಟು ಬಿದ್ರೆ ಏನಾಗುತ್ತೆ ಅಂತ ಡಾಕ್ಟ್ರು ಹೇಳಿದ್ದು ನಿಂಗೇ ಕಣೇ.”

“ಆಟ ಬಿಟ್ಟು ಮನೇಲಿ ಕೂತ್ರೆ ಏನಾಗುತ್ತೆ ಅಂತ ಡಾಕ್ಟ್ರಿಗ್ ಗೊತ್ತಿಲ್ಲ. ನಂಗೊತ್ತು. ದಿನಾ ಎದ್ದು ಗ್ಲೌಸ್ ಒಗೆದು ಒಣಗಾಕ್ತಾರೆ ಅಕ್ಕ. ಆಡದೇ ಇದ್ರೂ.” ಅವಳು ಫೋನನ್ನು ವನಜಾಕ್ಷಿಯ ಅಂಗೈಗೆ ಒತ್ತಿದಳು. “ಇವರು ಈಗ ಮಾತಾಡೋ ಹಂಗಿಲ್ಲ. ನಿಮ್ಗೆ ಇವರ ದನಿ ಬರುತ್ತಲ್ಲ. ಗಾಡೀಲಿ ನಾನೇ ಮೋಸ ಹೋದೆ. ‘ಬರ್ತೀನಿ’ ಅಂದ್ಬಿಡಿ. ಒಂದೇ ಮಾತು.”

ಫೋನು ಅಂಗೈಯಲ್ಲಿ ನಡುಗುತ್ತಿತ್ತು. ಬೇಡ ಎನ್ನಲೂ ಅದೇ ದನಿ ಸಾಕು, ಇನ್ನು ಆಡುವುದಿಲ್ಲ ಎನ್ನಲೂ ಅದೇ ದನಿ ಸಾಕು. ಒಬ್ಬನ ಬದುಕನ್ನು ಅವನ ಗಂಟಲಿನಲ್ಲೇ ಮುಗಿಸಬಹುದಿತ್ತು, ಅಥವಾ ಅವನ ಗಂಟಲಿನಲ್ಲೇ ಸಾವಿನ ಬಾಯಿಗೆ ಕಳಿಸಬಹುದಿತ್ತು. ಬೀರೂರಿಗೆ ಗಾಡಿಗಳನ್ನು ಕಳಿಸಿದಷ್ಟೇ ಸುಲಭವಾಗಿ.

ವನಜಾಕ್ಷಿ ಹಸಿರು ಗುಂಡಿ ಒತ್ತಿದಳು.

“ಹಲೋ, ಶಶಿ?” ಎಂದಿತು ಆ ಕಡೆ.

ಅವಳು ಗಂಟಲು ತಗ್ಗಿಸಿದಳು. ಅವನ ದನಿಯಂತೆಯೇ, ಸ್ವಲ್ಪ ಒಡೆದ ಹಾಗೆ. ಬಾಯಿ ತೆರೆದಳು. ಓಂಕಾರೇಶ್ ನಗು ನಿಲ್ಲಿಸಿ ಅವಳನ್ನೇ ನೋಡಿದ, ಸ್ಫೂರ್ತಿ ಒಂದು ಹೆಜ್ಜೆ ಹತ್ತಿರ ಬಂದಳು. ಮಣ್ಣಿನಲ್ಲಿ ಕೂತ ಶಶಿಧರನೊಬ್ಬ ಮಾತ್ರ, ತನ್ನ ಎಡಗಡೆಯಲ್ಲಿ ನಿಂತ ಈ ಮೂವರೂ ಕಾಣದವನಂತೆ, ಹೊಟ್ಟೆ ಹಿಡಿದುಕೊಂಡು, ಗೂಡ್ಸು ರೈಲಿನ ಸದ್ದನ್ನೂ ಮುಳುಗಿಸುವಷ್ಟು ಜೋರಾಗಿ ನಗುತ್ತಲೇ ಇದ್ದ.